‘ನಾನೇನೂ ಮುಟ್ಟಿಲ್ಲ’ ಎನ್ನುವವರ ನಡುವೆ ರಿಪೇರಿ ಅಕ್ಕ

ಇನ್ನೂ ಬೆಳಕು ಹರಿದಿಲ್ಲ. ಬೀದಿಯಲ್ಲಿ ಕಸದ ಗಾಡಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕಚೇರಿಯ ಮೂರನೆಯ ಮಹಡಿಯ ಮೂಲೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಕುಳಿತ ಹೆಂಗಸು ಎಡಗೈಯಲ್ಲಿ ಚಹಾದ ಲೋಟ, ಬಲಗೈಯಲ್ಲಿ ಮೌಸ್ ಹಿಡಿದು ಎದುರಿನ ಕಂಪ್ಯೂಟರಿಗೆ ಬುದ್ಧಿ ಹೇಳುತ್ತಿದ್ದಾರೆ.

“ಬೆಳಗ್ಗೆ ಬೆಳಗ್ಗೆನೇ ಶುರು ಮಾಡ್ಬೇಡ. ಇಲ್ಲಿ ತೆರ್ಕೋತೀಯ, ಅವರ ಮನೇಲಿ ಯಾಕೆ ಮುಚ್ಕೋತೀಯ ಅಂತ ಒಂದು ಮಾತು ಹೇಳ್ಬಿಡು.”

ಕಂಪ್ಯೂಟರ್ ಆಟಗಳನ್ನು ತಯಾರಿಸುವ ಈ ಸಣ್ಣ ಕಂಪನಿಯಲ್ಲಿ ಇವರನ್ನು ಎಲ್ಲರೂ ಕರೆಯುವುದು ರಿಪೇರಿ ಅಕ್ಕ ಎಂದೇ. ಕಂಪನಿಗೆ ಹೆಸರು ತಂದದ್ದು ಕಾರು ಓಡಿಸುವ ಒಂದು ಹಳೆಯ ಆಟ. ಅದರ ಜೊತೆ ಎಡಿಟರ್ ಎಂಬ ಸಾಧನವೂ ಸಿಗುತ್ತದೆ. ಆಡುವವರು ಅದರಲ್ಲಿ ತಮಗೆ ಬೇಕಾದ ಬೀದಿ, ತಿರುವು, ಸಿಗ್ನಲ್ಲುಗಳನ್ನು ತಾವೇ ಕಟ್ಟಿಕೊಳ್ಳಬಹುದು. ಅದನ್ನು ಬರೆದವರೆಲ್ಲ ಕೆಲಸ ಬಿಟ್ಟು ಹೋಗಿ ಎಷ್ಟೋ ಕಾಲವಾಯಿತು. ಉಳಿದವರು ಹೊಸ ಆಟಗಳಲ್ಲಿ ಮುಳುಗಿದ್ದಾರೆ. ಎಡಿಟರ್ ಕೆಟ್ಟರೆ ಬರುವ ಬೈಗುಳ ಮಾತ್ರ ತಪ್ಪದೆ ಅಕ್ಕನ ಪಾಲಿಗೆ ಬರುತ್ತದೆ.

ಅವರ ಮೇಜಿನ ಮೇಲೆ ಮೂರು ಕಂಪ್ಯೂಟರುಗಳಿವೆ. ಮೂರಕ್ಕೂ ಅಕ್ಕನೇ ಹೆಸರಿಟ್ಟಿದ್ದಾರೆ: ತೀರಾ ಹಳೆಯದು ಅಜ್ಜ, ನಡುವಿನದು ದೊಡ್ಡಪ್ಪ, ಹೊಚ್ಚ ಹೊಸದು ಅಳಿಯ. “ಅಜ್ಜನಿಗೆ ಏನು ಕೊಟ್ರೂ ನಡಿಯುತ್ತೆ. ದೊಡ್ಡಪ್ಪ ಗೊಣಗ್ತಾರೆ, ಆದ್ರೆ ಮಾಡ್ತಾರೆ. ಅಳಿಯನಿಗೆ ಮಾತ್ರ ಎಷ್ಟು ಉಪಚಾರ ಮಾಡಿದ್ರೂ ಒಂದಲ್ಲ ಒಂದು ಕೊರತೆ. ಈ ಎಡಿಟರ್ ಹುಟ್ಟಿದ್ದು ಅಜ್ಜನ ಕಾಲದಲ್ಲಿ. ಅದನ್ನ ಅಳಿಯನ ಜೊತೆ ಹೊಂದ್ಕೊಂಡು ಹೋಗು ಅಂದ್ರೆ ಅದಾದ್ರೂ ಏನು ಮಾಡೀತು?”

ಈ ಸಲದ ತೊಂದರೆ ಅದಕ್ಕಿಂತಲೂ ವಿಚಿತ್ರ. ಹೊಸ ಕಂಪ್ಯೂಟರ್ ಕೊಂಡವರ ಮನೆಗಳಲ್ಲಿ ಎಡಿಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದು ಮುಚ್ಚಿಕೊಳ್ಳುತ್ತಿದೆ. ಅಕ್ಕನ ಅಳಿಯನ ಮೇಲೆ ಮಾತ್ರ ಅದು ಹಾಯಾಗಿ ಓಡುತ್ತಿದೆ. ಶುಕ್ರವಾರದೊಳಗೆ ಸರಿಹೋಗದಿದ್ದರೆ ಅದನ್ನು ವೆಬ್‌ಸೈಟಿನಿಂದ ತೆಗೆದುಹಾಕುವುದಾಗಿ ಮ್ಯಾನೇಜರ್ ಹೇಳಿಬಿಟ್ಟಿದ್ದಾರೆ. ಆಮೇಲೆ ಅಕ್ಕ ಪಾಸ್‌ವರ್ಡ್ ಮರೆತವರಿಗೆ ಉತ್ತರ ಬರೆಯುವ ಮೇಜಿಗೆ ಹೋಗಬೇಕು. ಇಂದು ಗುರುವಾರ.

ಜನ ಸುಮ್ಮನೆ ಕಾಯುವವರೂ ಅಲ್ಲ. ಇಂಟರ್‌ನೆಟ್ಟಿನಲ್ಲಿ ಯಾರೋ ಕೊಟ್ಟ ಉಪಾಯ ನಂಬಿ, ಎಡಿಟರಿಗೆ ಕಂಪ್ಯೂಟರಿನ ಪೂರ್ತಿ ಅಧಿಕಾರ ಕೊಡುವ ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಒತ್ತುತ್ತಾರೆ. ಮುಚ್ಚಿಕೊಳ್ಳುವುದು ಅದರಿಂದ ನಿಲ್ಲುವುದಿಲ್ಲ. ದೊಡ್ಡಪ್ಪನಂಥ ಕಂಪ್ಯೂಟರ್ ಇರುವವರೂ ನೋಡೋಣವೆಂದು ಒತ್ತಿ ಹೊಸ ತೊಡಕು ತಂದುಕೊಳ್ಳುತ್ತಾರೆ. “ಅಧಿಕಾರ ಕೊಟ್ಟಿದ್ದೇ ತಡ, ಎಡಿಟರಿಗೆ ಜಂಬ ಬರುತ್ತೆ. ಬೀದಿ ಬದಿಗೆ ಅಂತ ಪಕ್ಕದ ಫೋಲ್ಡರಿನಿಂದ ಒಂದು ಮರದ ಚಿತ್ರ ಎಳೆದು ಹಾಕೋಣ ಅಂದ್ರೆ ಒಳಗೇ ಬಿಟ್ಕೊಳ್ಳಲ್ಲ. ಆಗ ‘ಮರ ಬರ್ತಿಲ್ಲ’ ಅಂತ ಇನ್ನೊಂದು ದೂರು. ಅದೂ ನನ್ನ ತಲೆಗೇ.”

ಅಕ್ಕನ ಗಂಡ ಲಿಫ್ಟ್ ಮೆಕ್ಯಾನಿಕ್. ಇಬ್ಬರೂ ಒಂದೇ ಹೊತ್ತಿಗೆ ಮನೆ ಬಿಡುತ್ತಾರೆ. “ನನ್ನ ಲಿಫ್ಟ್ ನಿಂತ್ರೆ ಬೇರೆಯವರು ಸಿಕ್ಕಿಹಾಕ್ಕೊಳ್ತಾರೆ. ನಿನ್ನದು ನಿಂತ್ರೆ ನೀನೇ ಸಿಕ್ಕಿಹಾಕ್ಕೊಳ್ತೀಯ” ಎಂದು ಅವರು ರೇಗಿಸುವುದುಂಟು. ಈ ವಾರ ಆ ಮಾತಿಗೆ ಅಕ್ಕನಿಗೆ ನಗು ಬಂದಿಲ್ಲ.

ಕಚೇರಿ ತುಂಬುವ ಮೊದಲೇ ಫೋನ್ ಬಡಿದುಕೊಳ್ಳುತ್ತದೆ. ಆಚೆ ಬದಿಯಲ್ಲಿರುವುದು ಕಾರು ಕಲಿಸುವ ಟೀಚರಮ್ಮ. ರಸ್ತೆಗಿಳಿಯಲು ಹೆದರುವವರಿಗಾಗಿ ಅವರು ತಮ್ಮೂರಿನ ಐದು ದಾರಿ ಕೂಡುವ ವೃತ್ತವನ್ನು ಈ ಎಡಿಟರಿನಲ್ಲಿ ಹಾಗೆಯೇ ಕಟ್ಟಿದ್ದಾರೆ. ಕಲಿಯುವವರು ಮೊದಲು ಅಲ್ಲಿ ಗುದ್ದಿ, ಗುದ್ದಿ, ಆಮೇಲೆ ನಿಜವಾದ ವೃತ್ತಕ್ಕೆ ಹೋಗುತ್ತಾರೆ. ಒಂದು ವಾರದಿಂದ ಅದು ತೆರೆಯುತ್ತಿಲ್ಲ.

“ಹೊಸದಾಗಿ ಏನಾದ್ರೂ ಹಾಕಿದ್ರಾ?”

“ಇಲ್ಲಮ್ಮ. ನಾನೇನೂ ಮುಟ್ಟಿಲ್ಲ.”

ಅಕ್ಕ ಕಣ್ಣು ಮುಚ್ಚಿಕೊಳ್ಳುತ್ತಾರೆ. ಈ ಮಾತು ಕೇಳಿ ಕೇಳಿ ಅವರ ಕಿವಿ ತೂತುಬಿದ್ದಿದೆ. “ಎಲ್ಲರೂ ಹೀಗೇ ಹೇಳ್ತೀರ. ಯಾರೂ ಮುಟ್ಟದೆ ಹೇಗ್ರಿ ಕೆಡುತ್ತೆ? ಸರಿ, ಒಂದೊಂದೇ ಹೇಳ್ತೀನಿ, ಬರ್ಕೊಳ್ಳಿ.”

“ತಾಳಿ, ಕಾಗದ ಹುಡುಕ್ತೀನಿ. ಮುಂಚೆ ಪ್ರಿಂಟರಲ್ಲೇ ಇರ್ತಿತ್ತು. ಅದನ್ನ ನಮ್ಮ ತಂಗಿ ಹೊತ್ಕೊಂಡು ಹೋದ್ಲು.”

ಅಕ್ಕ ಲೋಟ ಕೆಳಗಿಡುತ್ತಾರೆ. “ಯಾವಾಗ ತಗೊಂಡು ಹೋದ್ರು?”

“ಹೋದ ವಾರ.”

ಕಚೇರಿಯ ಪಡಸಾಲೆಯಲ್ಲಿ ದೊಡ್ಡದೊಂದು ಪ್ರಿಂಟರ್ ಇದೆ. ಇಲ್ಲಿನ ಪ್ರತಿ ಕಂಪ್ಯೂಟರಿಗೂ ಅದರ ನಂಟು. ಅಕ್ಕ ಅಳಿಯನಿಂದ ಆ ನಂಟು ಕಡಿದು ಎಡಿಟರ್ ತೆರೆಯುತ್ತಾರೆ. ಅದು ಮಿಣುಕಿ ಮಾಯವಾಗುತ್ತದೆ. ನಂಟು ಮತ್ತೆ ಕೂಡಿಸಿದರೆ ಏನೂ ಆಗಿಲ್ಲವೆಂಬಂತೆ ತೆರೆದುಕೊಳ್ಳುತ್ತದೆ. ನಕ್ಷೆಯನ್ನು ಕಾಗದದ ಮೇಲೆ ಅಚ್ಚು ಹಾಕಿಕೊಳ್ಳಲಿ ಎಂದು ಹಿಂದೆ ಯಾರೋ ಪುಣ್ಯಾತ್ಮರು ಒಂದು ಸೌಲಭ್ಯ ಸೇರಿಸಿದ್ದರು. ಅದಕ್ಕಾಗಿ ಎಡಿಟರ್ ಏಳುತ್ತಲೇ ಪ್ರಿಂಟರ್ ಎಲ್ಲಿ ಎಂದು ಹುಡುಕುತ್ತದೆ, ಕಾಣದಿದ್ದರೆ ಮುನಿಸಿಕೊಂಡು ಹೊರಡುತ್ತದೆ. ಆ ಕಾಲದಲ್ಲಿ ಕಂಪ್ಯೂಟರ್ ಇದ್ದ ಮನೆಗಳಲ್ಲಿ ಸಾಮಾನ್ಯವಾಗಿ ಪ್ರಿಂಟರೂ ಇರುತ್ತಿತ್ತು. ಈಗ ಹೊಸ ಕಂಪ್ಯೂಟರ್ ಕೊಂಡವರಲ್ಲಿ ಅದನ್ನು ಇಟ್ಟುಕೊಂಡವರು ಕಡಿಮೆ.

“ಒಬ್ಬರೂ ಒಂದು ಹಾಳೆ ಅಚ್ಚು ಹಾಕಿಲ್ಲ ಅದರಲ್ಲಿ” ಎಂದು ಅಕ್ಕ ಹಣೆ ಹಣೆ ಚಚ್ಚಿಕೊಳ್ಳುತ್ತಾರೆ. ಆಮೇಲೆ ದನಿ ತಗ್ಗುತ್ತದೆ. “ಪಾಪ, ಆ ಜನ ನಿಜಾನೇ ಹೇಳ್ತಿದ್ರು. ಮುಟ್ಟಿರಲಿಲ್ಲ. ನಾನೇ ಸುಮ್ನೆ ಅವರ ಮೇಲೆ ಹರಿಹಾಯ್ದೆ.”

ಟೀಚರಮ್ಮನ ಕಂಪ್ಯೂಟರಿನಲ್ಲಿ ಹೆಸರಿಗಷ್ಟೇ ಒಂದು ಪ್ರಿಂಟರ್ ಇದೆಯೆಂದು ತೋರಿಸುವ ವ್ಯವಸ್ಥೆಯನ್ನು ಅಕ್ಕ ಫೋನಿನಲ್ಲೇ ಮಾಡಿಸುತ್ತಾರೆ. ಟೀಚರಮ್ಮ ಎಡಿಟರ್ ತೆರೆದು ನೋಡುತ್ತಾರೆ. “ಬಂತು. ನನ್ನ ಐದೂ ದಾರಿ ಬಂತು. ಹಾಗಾದ್ರೆ ತಂಗಿ ಹತ್ರ ಪ್ರಿಂಟರ್ ವಾಪಸ್ ಕೇಳೋದು ಬೇಡ್ವಾ? ಅವಳು ಕೊಡೋಳೂ ಅಲ್ಲ ಬಿಡಿ.”

ಶುಕ್ರವಾರ ಬೆಳಗ್ಗೆ ಪ್ರೋಗ್ರಾಮರೊಬ್ಬರು ಆ ಹುಡುಕಾಟವನ್ನೇ ಎಡಿಟರಿನಿಂದ ಕಿತ್ತುಹಾಕುತ್ತಾರೆ. ಎಡಿಟರನ್ನು ವೆಬ್‌ಸೈಟಿನಿಂದ ತೆಗೆಯುವ ಮಾತನ್ನು ಮ್ಯಾನೇಜರ್ ಮತ್ತೆ ಎತ್ತುವುದಿಲ್ಲ, ಶಹಬ್ಬಾಸ್ ಎನ್ನುವುದೂ ಇಲ್ಲ. ಸಂಜೆಯ ಹೊತ್ತಿಗೆ ವೆಬ್‌ಸೈಟಿನಲ್ಲಿ ಒಂದು ಸಾಲು ಕಾಣಿಸಿಕೊಳ್ಳುತ್ತದೆ: ‘ಕೆಲವು ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ.’

ಹೆಂಡತಿಯನ್ನು ಕರೆದೊಯ್ಯಲು ಬಂದ ಲಿಫ್ಟ್ ಮೆಕ್ಯಾನಿಕ್ ಅದನ್ನು ಎರಡು ಸಲ ಓದಿ, “ಇಷ್ಟೇನಾ? ನಿನ್ನ ಹೆಸರೆಲ್ಲಿ?” ಎಂದು ಕೇಳುತ್ತಾರೆ.

ಅಕ್ಕ ಅಜ್ಜನನ್ನೂ ದೊಡ್ಡಪ್ಪನನ್ನೂ ಒಬ್ಬೊಬ್ಬರಾಗಿ ಮಲಗಿಸಿ, ಕೊನೆಗೆ ಅಳಿಯನ ಪರದೆಯ ಮೇಲೆ ಬೆರಳಿಡುತ್ತಾರೆ.

“ಇಲ್ಲಿ ‘ಸಣ್ಣಪುಟ್ಟ’ ಅಂತ ಇದ್ಯಲ್ಲ,” ಎನ್ನುತ್ತಾರೆ, “ಅದು ನಾನೇ.”