ಹೆಸರು ಹೇಳದೆ ಒಳಗೆ ಬಿಡದ ಊರು

ಕುಷ್ಟಗಿಯಲ್ಲಿ ನಾನು ಬಸ್ಸಿಳಿದು ಬಾಡಿಗೆ ಮನೆ ಹುಡುಕಿಕೊಂಡು ಬಂದಾಗ, ಬೀದಿಯ ಒಂದು ಮನೆಯ ಬಾಗಿಲಲ್ಲಿ ಐದಾರು ಹೆಂಗಸರು ಒಬ್ಬ ಹೊಸ ಸೊಸೆಯನ್ನು ಅಡ್ಡಗಟ್ಟಿ ನಿಂತಿದ್ದರು. ಕೈತುಂಬ ಹಸಿರು ಬಳೆ ತೊಟ್ಟ ಹುಡುಗಿ, ಹಿಂದೆ ಬೆವರು ಒರೆಸಿಕೊಳ್ಳುತ್ತಿದ್ದ ಗಂಡ. "ಹೆಸರ ಹೇಳು. ಇಲ್ಲಂದ್ರ ಒಳಗ ಬಿಡಂಗಿಲ್ಲ" ಎಂದು ಎಲ್ಲರೂ ಒಂದೇ ಸಮನೆ ಕೂಗುತ್ತಿದ್ದರು. ಜಗಳವೇ ಇರಬೇಕೆಂದು ನಾನು ಬ್ಯಾಗು ಅಪ್ಪಿಕೊಂಡು ಗೋಡೆಗೆ ಅಂಟಿ ನಿಂತೆ. ಹುಡುಗಿ ತಲೆ ಬಗ್ಗಿಸಿದಳು, ನಕ್ಕಳು, ಆಮೇಲೆ ಒಂದೇ ಉಸಿರಿಗೆ ಹೇಳಿದಳು:

"ಹಿತ್ತಲದಾಗ ಹಬ್ಬೈತಿ ಹೀರಿ ಬಳ್ಳಿ,
ಬಸವರಾಜರ ಹೆಸರ ಹೇಳೀನಿ, ಸರದು ನಿಲ್ರಿ ಅಲ್ಲಿ."

ಹೆಂಗಸರು ಹೋ ಎಂದು ದಾರಿ ಬಿಟ್ಟರು. ಇದಕ್ಕೆ ಇಲ್ಲಿ ಒಡಪು ಎನ್ನುತ್ತಾರೆ. ದಿನನಿತ್ಯ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಂಗಸರು ಮದುವೆ, ಸೀಮಂತದಂಥ ಸಮಯದಲ್ಲಿ ಹೀಗೆ ಎರಡು ಸಾಲಿನ ಪದ್ಯದೊಳಗೆ ಬಚ್ಚಿಟ್ಟು ಹೇಳಬೇಕು. ನಮ್ಮ ನಂಜನಗೂಡಿನ ಕಡೆ ಗಂಡನ ಹೆಸರು ಹೇಳೆಂದರೆ ಹೇಳಿ ಸುಮ್ಮನಾಗುತ್ತಾರೆ. ಇಲ್ಲಿ ಅದಕ್ಕೆ ಪ್ರಾಸ ಬೇಕು, ಕೇಳುವುದಕ್ಕೆ ಜನ ಬೇಕು.

ನಾನು ಬಂದದ್ದು ಹೈಸ್ಕೂಲಿಗೆ ಕನ್ನಡ ಕಲಿಸುವುದಕ್ಕೆ. ಮದುವೆಯಾಗಿಲ್ಲ, ಆಗುವ ಮನಸ್ಸೂ ಉಳಿದಿಲ್ಲ. ಕಥೆ ಬರೆಯುತ್ತಿದ್ದೆ, ಒಂದಷ್ಟು ಅಚ್ಚಾಗಿಯೂ ಇದ್ದವು. ಒಂಟಿ ಹೆಂಗಸೆಂದು ತಿಳಿದ ಕೂಡಲೇ ಎರಡು ಮನೆಯವರು ಬಾಡಿಗೆಗೆ ಕೊಡುವುದಿಲ್ಲ ಎಂದಿದ್ದರು. ಮೂರನೆಯವರು ಶರಣಮ್ಮ. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಮಗಳು ಅನ್ನಪೂರ್ಣ ಕಾಲೇಜು ಓದುತ್ತಿದ್ದಳು. "ಒಬ್ರ ಇರ್ತೀರೇನ್ರಿ?" ಎಂದು ಕೇಳಿದರು. ಹೌದೆಂದೆ. "ಅಂಜಿಕಿ ಬಂದ್ರ ಗ್ವಾಡಿ ಬಡೀರಿ, ನಾ ಈ ಕಡೆ ಇರ್ತೀನಿ" ಎಂದು ಕೀಲಿಕೈ ಕೊಟ್ಟರು.

ಮೊದಲ ವರ್ಷ ನಾನು ಊರಿನೊಂದಿಗೆ ಮುನಿಸಿಕೊಂಡೇ ಕಳೆದೆ. ಅನ್ನಕ್ಕೆ ಹೊಂದಿದ ಹೊಟ್ಟೆಗೆ ಖಡಕ್ ಜೋಳದ ರೊಟ್ಟಿ ಒಗ್ಗಲಿಲ್ಲ. ಪುಂಡಿ ಪಲ್ಯದ ಹುಳಿಗೆ ಕಣ್ಣು ಮುಚ್ಚುತ್ತಿದ್ದೆ, ಮೇಲೆ ಆ ಕೆಂಪು ಖಾರದ ಚಟ್ನಿ. ನಮ್ಮೂರಲ್ಲಿ ಮನೆಯಿಂದ ಹೊರಟು ಸ್ವಲ್ಪ ನಡೆದರೆ ಕಪಿಲಾ ಹೊಳೆ. ಇಲ್ಲಿ ನೀರು ಬಿಡುವ ದಿನ ಬೀದಿಯ ಹೆಂಗಸರೆಲ್ಲ ಕೊಡ ಹಿಡಿದು ನಿಂತಿರುತ್ತಾರೆ. ಶಾಲೆಯಲ್ಲಿ ಮಕ್ಕಳು ನನ್ನ ಮಾತಿಗೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ರಜೆಗೆ ಊರಿಗೆ ಹೋದರೆ ತಮ್ಮನ ಮಕ್ಕಳೂ ನಗುತ್ತಿದ್ದರು, ಏಕೆಂದರೆ ನಾನಾಗಲೇ "ಹೌದ್ರಿ" ಎನ್ನತೊಡಗಿದ್ದೆ. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬರವಣಿಗೆ ನಿಂತುಹೋದದ್ದು. ಕಥೆ ಬರೆಯಲು ಕೂತರೆ ನಂಜನಗೂಡಿನ ಬೀದಿ ಮಸುಕಾಗಿ ಕಾಣುತ್ತಿತ್ತು, ಕುಷ್ಟಗಿಯ ಬೀದಿ ಇನ್ನೂ ನನ್ನದಾಗಿರಲಿಲ್ಲ. ವರ್ಗಾವಣೆ ಸಿಕ್ಕಿದ ದಿನವೇ ಹೊರಡಬೇಕು, ಊರಿಗೆ ಹೋದರೆ ಮಾತ್ರ ಮತ್ತೆ ಬರೆದೇನು ಎಂದು ತೀರ್ಮಾನ ಮಾಡಿಕೊಂಡಿದ್ದೆ. ಆ ಒಂದು ಆಸೆಯ ಮೇಲೆ ದಿನ ದೂಡುತ್ತಿದ್ದೆ.

ಅನ್ನಪೂರ್ಣಳ ಮದುವೆ ಗೊತ್ತಾಯಿತು. ಹುಡುಗ ವೀರೇಶ, ಗಂಗಾವತಿಯ ಕಡೆಯವನು, ಭತ್ತದ ವ್ಯಾಪಾರ. ಅವಳು ಬಂದು, "ಅಕ್ಕೋರ, ನನಗೊಂದು ಒಡಪು ಬರದು ಕೊಡ್ರಿ. ಎಲ್ಲಾರೂ ಹೇಳೂದ ಬ್ಯಾಡ, ಹೊಸಾದು ಬೇಕು" ಎಂದಳು. ಇಲ್ಲಿ ಶಿಕ್ಷಕಿಯನ್ನು ಅಕ್ಕೋರು ಎಂದೇ ಕರೆಯುತ್ತಾರೆ. ಬಹಳ ದಿನಗಳ ಮೇಲೆ ಯಾರೋ ನನ್ನಿಂದ ಬರಹ ಕೇಳಿದ್ದರು. ನಾನು ಹಿಗ್ಗಿ ಹೀರೇಕಾಯಿಯಾದೆ. ತುಂಗಭದ್ರೆಯ ತರಂಗ, ಶರತ್ಕಾಲದ ಚಂದ್ರಮ, ಹೃದಯದ ವೀಣೆ, ಏನೆಲ್ಲ ತುರುಕಬಹುದೋ ಅಷ್ಟನ್ನೂ ತುರುಕಿ ಪತ್ರಿಕೆಗೆ ಕಳಿಸುವಂಥ ಪದ್ಯ ಬರೆದುಕೊಟ್ಟೆ. ಪಾಪ, ಹುಡುಗಿ ಅರಿಶಿನ ಹಚ್ಚಿಸಿಕೊಳ್ಳುವಾಗಲೂ ಅದನ್ನೇ ಬಾಯಿಪಾಠ ಮಾಡುತ್ತಿದ್ದಳು.

ಮದುವೆಯ ದಿನ ತಾಳಿ ಕಟ್ಟಿದ ಮೇಲೆ ಶರಣಮ್ಮನ ಮನೆ ಬಾಗಿಲಲ್ಲಿ ಹೆಂಗಸರು ಅಡ್ಡ ನಿಂತರು. ಅನ್ನಪೂರ್ಣ "ತುಂಗಭದ್ರೆಯ ತರಂಗದ" ಎಂದಳು. ನಿಂತಳು. ಮತ್ತೆ "ತರಂಗದ" ಎಂದಳು. ಮುಂದಿನದು ಬರಲಿಲ್ಲ. ಹಿಂದಿನಿಂದ ಯಾರೋ, "ಏನವಾ ಇದು, ಸಾಲಿ ಪರೀಕ್ಷಾ ನಡದೈತೇನು?" ಎಂದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅನ್ನಪೂರ್ಣ ಮಾತ್ರ ನನ್ನ ಕಡೆ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು ಹೇಳಿದಳು:

"ಅಕ್ಕೋರು ಕಲಿಸಿದ್ದು ಬಾಯಾಗ ಬರವಲ್ದು,
ವೀರೇಶರು ಬಾಜೂಕ ನಿಂತ್ರ ಏನೂ ನೆನಪ ಇರವಲ್ದು."

ನಗೆಯೋ ನಗೆ. ವೀರೇಶನ ಕಿವಿ ಕೆಂಪಾಯಿತು. ನಾನೂ ನಕ್ಕೆ, ಆದರೆ ಒಳಗೆ ಪೆಟ್ಟು ಬಿದ್ದಿತ್ತು. ಇಷ್ಟು ವರ್ಷ ನಾನು ಬರೆದದ್ದೆಲ್ಲ ಒಬ್ಬಳೇ ಕೂತು, ಕಾಣದ ಯಾರನ್ನೋ ಮೆಚ್ಚಿಸಲು ಬರೆದದ್ದು. ಇಲ್ಲಿ ಎದುರು ನಿಂತವರ ಬಾಯಿಗೆ ಕೂಡದ ಮಾತು ಮಾತೇ ಅಲ್ಲ.

ಆಮೇಲೆ ನಾನು ಸಂಜೆ ಹೊತ್ತು ಕಟ್ಟೆಯ ಮೇಲೆ ಕೂರುವುದನ್ನು ಕಲಿತೆ. ಸುಮ್ಮನೆ ಕೇಳುತ್ತಿದ್ದೆ. ಬೀದಿಯ ಹೆಂಗಸರು ಹುಲಿಗಿ ಜಾತ್ರೆಗೆ ಹೋಗಿ ಬಂದ ಸುದ್ದಿ, ಸೊಸೆಯ ಸುದ್ದಿ, ಬಸ್ಸಿನಲ್ಲಿ ಸೀಟು ಹಿಡಿದ ಸುದ್ದಿ, ಎಲ್ಲಕ್ಕೂ ಒಂದು ಲಯವಿತ್ತು. ಮೆಲ್ಲಗೆ ಒಬ್ಬೊಬ್ಬರೇ ಒಡಪು ಕಟ್ಟಿಸಿಕೊಳ್ಳಲು ಬರತೊಡಗಿದರು. ನಾನು ಕಟ್ಟಿ ಹೇಳುತ್ತಿದ್ದೆ, ಅವರು ತಿದ್ದುತ್ತಿದ್ದರು. ಮೈಸೂರಿನ ಗೆಳತಿ ಫೋನಿನಲ್ಲಿ, "ಕಥೆ ಬಿಟ್ಟು ಇದೆಂಥ ಹುಚ್ಚು ನಿಂದು?" ಎಂದು ರೇಗಿದಳು. ಬರೆಯುವಾಗಿನ ಹಳೆಯ ಖುಷಿ ನನಗೆ ಮರಳಿ ಬಂದಿತ್ತು, ಅದನ್ನು ವಾದಕ್ಕೆ ಇಡಲು ಮನಸ್ಸಾಗಲಿಲ್ಲ.

ಒಂದು ನೋವು ಮಾತ್ರ ಇತ್ತು. ಸಮಾರಂಭಗಳಲ್ಲಿ ಒಡಪಿನ ಸರದಿ ನನ್ನ ತನಕ ಬಂದು ನನ್ನನ್ನು ದಾಟಿ ಹೋಗುತ್ತಿತ್ತು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಹೇಳಲು ನನಗೆ ಹೆಸರಿರಲಿಲ್ಲ ಅಷ್ಟೆ. ಎಲ್ಲರ ಬಾಯಿಗೂ ಪದ ಹಾಕಿಕೊಟ್ಟು ನಾನು ತಟ್ಟೆಯ ಉಂಡಿ ಮುರಿಯುತ್ತ ಕೂರುತ್ತಿದ್ದೆ. ಶರಣಮ್ಮನಂತೂ ಅಂಥ ಕಡೆ ಪಡಸಾಲೆಗೇ ಬರುತ್ತಿರಲಿಲ್ಲ. ಒಂದು ಕಾಲಕ್ಕೆ ಈ ಬೀದಿಯಲ್ಲಿ ಒಡಪಿಗೆ ಅವರನ್ನು ಬಿಟ್ಟರಿಲ್ಲ ಎಂದು ಬೇರೆಯವರು ಹೇಳಿದ್ದರು. ಗಂಡ ಹೋದ ಮೇಲೆ ನಿಂತಿತಂತೆ. ಕೇಳಿದರೆ, "ಮುತ್ತೈದ್ಯಾರು ಹೇಳೂದ್ರಿ ಅದು" ಎಂದು ಒಲೆಯ ಕಡೆ ತಿರುಗುತ್ತಿದ್ದರು.

ಈ ವರ್ಷ ಅನ್ನಪೂರ್ಣ ಬಸುರಿಯಾಗಿ ತವರಿಗೆ ಬಂದಳು. ಶರಣಮ್ಮನ ಮನೆಯಲ್ಲೇ ಕುಬಸ, ಎಂದರೆ ನಮ್ಮ ಸೀಮಂತ. ಅದೇ ವಾರ ನನ್ನ ವರ್ಗಾವಣೆಯ ಸುದ್ದಿಯೂ ಬಂತು. ನಂಜನಗೂಡಿನ ಹತ್ತಿರವೇ ಜಾಗ ಖಾಲಿ ಇದೆ, ಕೊಪ್ಪಳದ ಕಚೇರಿಗೆ ಹೋಗಿ ಒಪ್ಪಿಗೆ ಕೊಟ್ಟರೆ ಮುಗಿಯಿತು. ಅಮ್ಮನಿಗೆ ತಿಳಿಸಿದೆ. ಅವಳು ತಮ್ಮನಿಗೆ ಹೇಳಿ ನನಗೆಂದು ಒಂದು ಕೋಣೆಗೆ ಸುಣ್ಣ ಹೊಡೆಸತೊಡಗಿದಳು.

ಕುಬಸದ ದಿನ ಅನ್ನಪೂರ್ಣಳ ಸುತ್ತ ಹೆಂಗಸರು ಒಬ್ಬೊಬ್ಬರೇ ಹೆಸರು ಹೇಳಿದರು. ಸರದಿ ನನ್ನನ್ನು ದಾಟುವ ಹೊತ್ತಿಗೆ ಅನ್ನಪೂರ್ಣ, "ನಿಲ್ರಿ, ಅಕ್ಕೋರು ಹೇಳ್ತಾರ" ಎಂದಳು. "ಅವರ ಯಾರ ಹೆಸರ ಹೇಳಬೇಕವಾ?" ಎಂದು ಒಬ್ಬರು ಮುಜುಗರಪಟ್ಟರು. "ಯಾರದರ ಹೇಳ್ಲಿ. ಅವರಿಗೆ ತಮ್ಮವರು ಅಂತ ಯಾರೂ ಇಲ್ಲೇನು?" ಎಂದಳು ಅನ್ನಪೂರ್ಣ.

ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟೆ. ಏನೂ ತಯಾರಿ ಇಲ್ಲದೆ, ನನ್ನದಲ್ಲದ ಕುಷ್ಟಗಿಯ ಮಾತಿನಲ್ಲೇ ಒಡಪು ಬಂತು:

"ಕಪಿಲಾ ದಂಡಿಯಿಂದ ಬಂದೆ ಹೊತ್ತು ಒಂದು ಚೀಲ,
ಶರಣಮ್ಮನವರು ತೆಗದ್ರು ನನಗ ಮನಿ ಬಾಗಿಲ."

ನಗೆ ಬರಲಿಲ್ಲ. ಎಲ್ಲರೂ ಅಡುಗೆಮನೆಯ ಕಡೆ ತಿರುಗಿದರು. ಶರಣಮ್ಮ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದು ನಿಂತಿದ್ದರು. "ಎವ್ವಾ, ನೀನೂ ಹೇಳು" ಎಂದಳು ಮಗಳು. "ಹುಚ್ಚಿ, ನಾ ಹೇಳಬಾರದು." "ನನ್ನ ಅಪ್ಪನ ಹೆಸರು. ನನ್ನ ಕೂಸು ಕೇಳಬ್ಯಾಡೇನು?" ಶರಣಮ್ಮ ನೆಲ ನೋಡಿದರು. ಆಮೇಲೆ ಎಷ್ಟೋ ವರ್ಷ ನಿಂತಿದ್ದ ದನಿಯಲ್ಲಿ ಹೇಳಿದರು:

"ಬಿತ್ತಿದವರು ಹೋದ್ರೂ ಹೊಲದಾಗ ನಿಂತೈತಿ ಜ್ವಾಳ,
ಗವಿಸಿದ್ದಪ್ಪನವರ ಹೆಸರು ಇನ್ನೂ ಐತಿ ನಾಲಿಗಿ ಮ್ಯಾಲ."

ಒಂದೇ ಗೋಡೆಯ ಆಚೆ ಈಚೆ ಇಷ್ಟು ಕಾಲ ಬದುಕಿದ್ದರೂ ಅವರ ಗಂಡನ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಹಿರಿಯ ಮುತ್ತೈದೆಯೊಬ್ಬರು ಎದ್ದು ಬಂದು ಶರಣಮ್ಮನ ಕೈ ಹಿಡಿದು ಮಗಳ ಪಕ್ಕ ಕೂರಿಸಿದರು. ಯಾರೂ ಬೇಡ ಎನ್ನಲಿಲ್ಲ. ನಾನು ಅತ್ತೆ, ಮುಚ್ಚುಮರೆ ಇಲ್ಲದೆ ಅತ್ತೆ.

ಕೊಪ್ಪಳಕ್ಕೆ ಹೋಗಿ, ಸದ್ಯಕ್ಕೆ ಇಲ್ಲೇ ಇರುತ್ತೇನೆಂದು ಬರೆದುಕೊಟ್ಟು ಬಂದೆ. ಬರೆಯಲು ಊರಿಗೇ ಹೋಗಬೇಕೆಂದು ಇಷ್ಟು ದಿನ ನಂಬಿದ್ದೆ, ಈಗ ಆ ನಂಬಿಕೆ ಉಳಿದಿರಲಿಲ್ಲ. ಬಸ್ ನಿಲ್ದಾಣದಿಂದಲೇ ಅಮ್ಮನಿಗೆ ಫೋನು ಮಾಡಿ, ಬರುವುದಿಲ್ಲವೆಂದೆ. "ಕೋಣೆಗೆ ಸುಣ್ಣ ಹೊಡ್ಸಾಯ್ತಲ್ಲ" ಎಂದಳು. ಆಮೇಲೆ, "ಅಲ್ಲಿ ಯಾರವ್ರೆ ನಿಂಗೆ?" ಎಂದಳು. ಶರಣಮ್ಮ ಇದ್ದಾರೆ ಎಂದೆ. "ಇಲ್ಲಿ ನಾನಿಲ್ವಾ ಮಗಾ?" ಎಂದಳು.

ಬೀದಿಯ ಗಂಡಂದಿರ ಹೆಸರನ್ನೆಲ್ಲ ಪದ್ಯಕ್ಕೆ ಕಟ್ಟಿದವಳು ನಾನು. ಹೆತ್ತವಳ ಹೆಸರನ್ನು ಒಮ್ಮೆಯೂ ಕಟ್ಟಿಲ್ಲ. ಈಗ ಅದಕ್ಕೇ ಕೂತಿದ್ದೇನೆ. ಮೊದಲ ಸಾಲು ಕುಷ್ಟಗಿಯ ಮಾತಿನಲ್ಲಿ ಬರುತ್ತದೆ, ಎರಡನೆಯದು ನಂಜನಗೂಡಿನ ಮಾತಿನಲ್ಲಿ. ಎರಡಕ್ಕೂ ಪ್ರಾಸ ಕೂಡುತ್ತಿಲ್ಲ, ಯಾವುದನ್ನು ಬಿಡಬೇಕೆಂದೂ ತಿಳಿಯುತ್ತಿಲ್ಲ.