ಗಾಜಿನೊಳಗಿನ ಎರಡು ಬುಟ್ಟಿಗಳು

ನಮ್ಮ ಚಿಕ್ಕಪ್ಪ ಬಿದಿರು ಸೀಳುತ್ತಲೇ ಮುದುಕನಾದವನು. ಬೆರಳಿಗೆ ಸಿಬಿರು ಚುಚ್ಚದ ದಿನ ಅವನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಬಿದಿರಿನ ಮ್ಯೂಸಿಯಂ ತೆರೆದಾಗ ಹಳೆಯ ಬುಟ್ಟಿ, ಮೊರ, ತೊಟ್ಟಿಲುಗಳ ರಿಪೇರಿಗೆ ಅವನನ್ನೇ ಕರೆದರು. ಅಲ್ಲಿ ಟಿಕೆಟ್ ಕೊಡುವ ಕೆಲಸ ನನ್ನದು.

ಹೋದ ತಿಂಗಳು ನಮ್ಮ ಮುಖ್ಯಸ್ಥೆ ಮೇಡಂ, "ನಿಮ್ಮ ಕೈಯದೂ ಒಂದು ಬುಟ್ಟಿ ಗಾಜಿನೊಳಗಿರಲಿ, ಹೆಸರು ಬರೆದು ಇಡೋಣ" ಎಂದರು. ಚಿಕ್ಕಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಡಿದ ಬಿದಿರನ್ನು ಎರಡು ತಿಂಗಳು ನೀರಲ್ಲಿ ಮುಳುಗಿಸದಿದ್ದರೆ ಅದರ ಸಿಹಿಗೆ ಹುಳು ಬೀಳುತ್ತದೆಂದು ನಮಗೆಲ್ಲ ತಲೆಗೆ ಮೊಟಕಿ ಕಲಿಸಿದವನು, ತಾನು ಎಂಟೇ ದಿನದಲ್ಲಿ ಹೆಣೆದು ಮುಗಿಸಿಬಿಟ್ಟ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ! ಅದನ್ನು ಅವನ ಅವ್ವ, ಅಂದರೆ ನನ್ನ ಅಜ್ಜಿ, ಹೆಣೆದಿದ್ದ ಬುಟ್ಟಿಯ ಪಕ್ಕದಲ್ಲೇ, ಒಂದೇ ಗಾಜಿನ ಪೆಟ್ಟಿಗೆಯೊಳಗೆ ಇಟ್ಟರು.

ಸೋಮವಾರ ಬೆಳಿಗ್ಗೆ ಗಾಜಿನ ಪೆಟ್ಟಿಗೆಯ ತಳದಲ್ಲಿ ಹಳದಿ ಹುಡಿ ಬಿದ್ದಿತ್ತು.

"ಹಳೇದಕ್ಕೆ ಹುಳ ಹಿಡಿದಿದೆ. ಎಲ್ಲಕ್ಕೂ ಹಬ್ಬೋ ಮುಂಚೆ ಸುಟ್ಟುಬಿಡಿ" ಎಂದರು ಮೇಡಂ.

ಐವತ್ತು ವರ್ಷ ಒಣಗಿದ ಬಿದಿರಲ್ಲಿ ಹುಳುವಿಗೆ ತಿನ್ನಲು ಏನಿದೆ? ಚಿಕ್ಕಪ್ಪನ ಕಡೆ ನೋಡಿದೆ. ಅವನು ತನ್ನ ಹೆಸರಿನ ಚೀಟಿಯನ್ನೇ ನೋಡುತ್ತಿದ್ದ, ಬಾಯಿಗೆ ಬೀಗ ಹಾಕಿಕೊಂಡು.

ಕಾವಲುಗಾರ ಅಜ್ಜಿಯ ಬುಟ್ಟಿಯನ್ನು ಹಿತ್ತಲಿಗೆ ಒಯ್ದು ರದ್ದಿ ಕಾಗದದ ಮೇಲಿಟ್ಟ. ಎಲ್ಲರೂ ಹಿಂದೆಯೇ ಹೋದೆವು. ನಾನೇ ಹೇಳಿಬಿಡಬಹುದಿತ್ತು. ಆದರೆ ನಾನು ಹೇಳಿದರೆ ಅವನು ಮತ್ತೆಂದೂ ಅಲ್ಲಿ ತಲೆ ಎತ್ತಲಾರ.

"ಚಿಕ್ಕಪ್ಪಾ" ಎಂದೆ ಮೆಲ್ಲಗೆ. ಅವನು ತಿರುಗಲಿಲ್ಲ.

ಕಾವಲುಗಾರ ಗೀರಿದ ಮೊದಲನೆಯ ಬೆಂಕಿಕಡ್ಡಿ ಗಾಳಿಗೆ ಆರಿತು. ಎರಡನೆಯದು ಹೊತ್ತಿಕೊಂಡಿತು. ಅವನು ಬಗ್ಗಿದ.

"ತಡಿಯೋ!" ಚಿಕ್ಕಪ್ಪ ಅವನನ್ನು ತಳ್ಳಿ ಬುಟ್ಟಿಯನ್ನು ಎದೆಗೆ ಅವುಚಿಕೊಂಡ. "ಹುಳ ಇದರಲ್ಲಿಲ್ಲ ಮೇಡಂ, ನಂದರಲ್ಲಿದೆ. ಬಿದಿರು ನೆನೆಸಲಿಲ್ಲ ನಾನು."

ಮೇಡಂ ಅವನ ಹತ್ತಿರ ಬಂದರು. "ಬೆಳಿಗ್ಗೆನೇ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಸುಮ್ನಿದ್ರಾ?"

ಚಿಕ್ಕಪ್ಪ ಬುಟ್ಟಿಯ ಅಂಚು ಸವರಿದ. "ಅವ್ವಂದು ಸುಟ್ಟುಹೋದರೆ, ಇನ್ನು ನಾಲ್ಕು ದಿನವಾದರೂ ನನ್ನ ಹೆಸರು ಒಳಗಿರುತ್ತಲ್ಲ ಅಂತ."

ಅವನು ಅಜ್ಜಿಯ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಒಳಗೆ ಹೋಗಿ ತನ್ನದನ್ನು ತಂದು ಕಾಗದದ ಮೇಲಿಟ್ಟ. ಆಮೇಲೆ ಕಾವಲುಗಾರನ ಮುಂದೆ ಕೈ ಚಾಚಿ ಬೆಂಕಿಪೊಟ್ಟಣ ಕೇಳಿದ.