ಸಂಡಿಗೆಯ ನೆರಳಿನಲ್ಲಿ ಬದನೆ

ಬಿಸಿಲು ಖಾಲಿ ಬಿದ್ದಿರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಓದುತ್ತಿರುವ ನಿಮಗೂ ಈ ವ್ಯಾಧಿ ಉಂಟೋ ಇಲ್ಲವೋ ನಾನರಿಯೆ. ಮಾರ್ಚ್ ತಿಂಗಳು ಕಾಲಿಟ್ಟಿತೆಂದರೆ ಸಾಕು, ಕಾಂಪೌಂಡಿನ ಗೋಡೆ, ನೀರಿನ ಟ್ಯಾಂಕಿನ ಮುಚ್ಚಳ, ಎದುರುಮನೆಯವರು ಬೀದಿಯಲ್ಲಿ ನಿಲ್ಲಿಸಿದ ಕಾರಿನ ನೆತ್ತಿ, ಹೀಗೆ ಎಲ್ಲೆಲ್ಲಿ ಒಂದು ಮೊಳ ಬಿಸಿಲು ನಿರುದ್ಯೋಗಿಯಾಗಿ ಮಲಗಿದೆಯೋ ಅಲ್ಲೆಲ್ಲ ಒಂದು ಮೊರ ಮೆಣಸಿನಕಾಯಿಯನ್ನೋ ಒಂದು ತಟ್ಟೆ ನಿಂಬೆಹೋಳನ್ನೋ ಕಲ್ಪಿಸಿಕೊಂಡು ನನ್ನ ಕಣ್ಣು ಚಡಪಡಿಸತೊಡಗುತ್ತದೆ. ಕಾರಿನ ನೆತ್ತಿಯ ಮೇಲೆ ಒಮ್ಮೆ ನಿಜವಾಗಿಯೂ ಹರಡಿದ್ದೆ. ಕಾರಿನವರು ನೋಡದೆ ಹೊರಟು ಕೆ.ಆರ್. ಪುರದವರೆಗೂ ಬ್ಯಾಡಗಿ ಮೆಣಸಿನಕಾಯಿ ಉದುರಿಸಿಕೊಂಡು ಹೋದರಂತೆ. ಈಗ ಅವರು ಕಾರನ್ನು ಬೇರೆ ಬೀದಿಯಲ್ಲಿ ನಿಲ್ಲಿಸುತ್ತಾರೆ.

ಸುಮ್ಮನಿರುವುದು ನನ್ನ ಜಾತಕದಲ್ಲೇ ಇಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಅಷ್ಟೂ ವರ್ಷ, ಮಕ್ಕಳಿಗೊಂದು ಲೆಕ್ಕ ಕೊಟ್ಟು ಅವರು ಪೆನ್ಸಿಲ್ ಚೂಪು ಮಾಡಿಕೊಳ್ಳುವಷ್ಟರಲ್ಲಿ ನಾನೇ ಬೋರ್ಡಿನ ಮೇಲೆ ಉತ್ತರ ಬರೆದುಬಿಡುತ್ತಿದ್ದೆ. ನಿವೃತ್ತಿಯಾದ ಮೇಲೆ ಆ ಚಾಂಚಲ್ಯಕ್ಕೆಲ್ಲ ಲಿಂಗರಾಜಪುರದ ನಮ್ಮ ಮನೆಯೇ ಕರ್ಮಭೂಮಿ. ಮನೆಯವರು ಮಾತ್ರ ಪೇಪರು ಹಿಡಿದು ಕೂತರೆ ಭೂಕಂಪವಾದರೂ ಪುಟ ತಿರುವಿದ ಮೇಲೆಯೇ ತಲೆಯೆತ್ತುವ ಸ್ಥಿತಪ್ರಜ್ಞರು. ಒಂದು ಸಂಸಾರಕ್ಕೆ ಅಂಥವರು ಒಬ್ಬರು ಸಾಕು ಎಂದು ನಾನು ಇನ್ನೊಂದು ಪಕ್ಷ ವಹಿಸಿಕೊಂಡಿದ್ದೇನೆ.

ಮನೆಯ ಹಿಂದೆ ಒಂದು ಕೋಣೆಯಿದೆ. ಅದರಲ್ಲಿ ಐದು ವರ್ಷದಿಂದ ಶರಣಮ್ಮ ಬಾಡಿಗೆಗಿದ್ದಾಳೆ. ಊರು ಯಾದಗಿರಿ ಕಡೆ. ಗಂಡ ಮಹದೇವಪುರದ ಅಪಾರ್ಟ್‌ಮೆಂಟುಗಳಿಗೆ ಬಣ್ಣ ಹೊಡೆಯುತ್ತಾನೆ, ಇವಳು ಸಿ.ವಿ. ರಾಮನ್ ನಗರದ ಕಡೆ ಒಂದು ಆಫೀಸಿನಲ್ಲಿ ನೆಲ ಒರೆಸುತ್ತಾಳೆ. ತಮ್ಮೂರಿನ ವಾಡಿಕೆಯಂತೆ ಟೀಚರಾದ ನನ್ನನ್ನು ಅಕ್ಕೋರೆ ಎನ್ನುತ್ತಾಳೆ. ಕೋಣೆಯ ಮುಂದೆ ನಾಲ್ಕು ಮಂಚ ಹಿಡಿಸುವಷ್ಟು ನೆಲವಿತ್ತು. ಅದನ್ನು ಏನಾದರೂ ಮಾಡಿಕೋ ಎಂದು ಬಿಟ್ಟುಕೊಟ್ಟಾಗ ಅವಳು ತನ್ನ ಅವ್ವ ಕೊಟ್ಟಿದ್ದ ಬೀಜದಿಂದ ಬದನೆ ಎಬ್ಬಿಸಿದಳು. ಹಸಿರು ಮೈಗೆ ಬಿಳಿ ಗೀರು, ತೊಟ್ಟಿನಲ್ಲಿ ಮುಳ್ಳು, ಅಂಗೈಯಲ್ಲಿ ಹಿಡಿಯುವ ಗಾತ್ರ. ಅದರ ಎಣ್ಣೆಗಾಯಿ ತಿಂದ ದಿನ ನಮ್ಮ ಸ್ಥಿತಪ್ರಜ್ಞರು ಪೇಪರು ಮಡಿಸಿಟ್ಟು ಎರಡನೆಯ ಸಲ ಬಡಿಸಿಕೊಂಡರು.

ಕಳೆದ ವರ್ಷ ಆ ಗಿಡಗಳು ಮಧ್ಯಾಹ್ನ ತಲೆಬಾಗಿಸಿ ಸಂಜೆಗೆ ಎದ್ದು ನಿಲ್ಲತೊಡಗಿದವು. ಒಂದು ಸಂಜೆ ಒಂದು ಗಿಡ ಏಳಲಿಲ್ಲ. ಶರಣಮ್ಮ ಕಿತ್ತು ನೋಡಿದರೆ ಬೇರಿನ ತುಂಬ ಸಾಬೂದಾನಿಯಂಥ ಗಂಟುಗಳು. ಮಣ್ಣಿನಲ್ಲಿರುವ, ಕಣ್ಣಿಗೆ ಕಾಣದ ಜಂತುಹುಳುಗಳ ಕೆಲಸ ಅದು ಎಂದು ನರ್ಸರಿಯವನು ಹೇಳಿದ. ಹೇಳಿ ಒಂದು ಪೊಟ್ಟಣ ಹರಳುಪುಡಿಯನ್ನೂ ಮುಂದಿಟ್ಟ. “ಮೂರೇ ದಿನ ಮೇಡಂ, ಫುಲ್ ಕ್ಲೀನ್” ಎಂದ. ಮೂರೇ ದಿನ! ನನ್ನಂಥವಳಿಗೆ ಇದಕ್ಕಿಂತ ಸುಂದರವಾದ ಎರಡು ಪದಗಳಿವೆಯೇ? ಶರಣಮ್ಮ ಕೆಲಸದಿಂದ ಬರುವ ಮೊದಲೇ ಮೂಗಿಗೆ ಸೆರಗು ಕಟ್ಟಿಕೊಂಡು ಹರಡಿ, ನೀರು ಹನಿಸಿ, ಕೈ ತೊಳೆದುಕೊಂಡೆ.

ಮರುದಿನ ಬೆಳಗ್ಗೆ ಎರೆಹುಳುಗಳೆಲ್ಲ ಮೇಲೆ ಬಂದು ಬಿದ್ದಿದ್ದವು. ಶರಣಮ್ಮ ಅವನ್ನು ಒಂದೊಂದಾಗಿ ಮೊರಕ್ಕೆ ಆರಿಸಿ ಹಾಕುತ್ತ, “ಇವೇನು ಮಾಡಿದ್ವುರಿ ಅಕ್ಕೋರೆ?” ಎಂದಳು. ಬದನೆಯೂ ಉಳಿಯಲಿಲ್ಲ, ಒಂದೇ ಒಂದು ಕಾಯಿ ಬೀಜಕ್ಕೆ ಹಣ್ಣಾಗುವ ಮೊದಲೇ ಗಿಡಗಳು ಒಣಗಿಹೋದವು. ಅವಳ ಬಳಿ ಉಳಿದದ್ದು ಹಳೆಯ ಸೀರೆಯ ಚೂರಿನಲ್ಲಿ ಕಟ್ಟಿಟ್ಟ ಒಂದು ಚಿಟಿಕೆ ಬೀಜ. ಅವ್ವ ತೀರಿಕೊಂಡಾಗಿದೆ, ಊರಿನಲ್ಲಿ ಈಗ ಎಲ್ಲರೂ ಪ್ಯಾಕೆಟ್ಟಿನ ಬೀಜವನ್ನೇ ತರುತ್ತಾರೆ. “ಈ ವರ್ಷ ಹಾಕ್ಲಿಲ್ಲಂದ್ರ ಹುಟ್ಟಂಗಿಲ್ರಿ, ಬೀಜ ಮುದುಕಿ ಆಗ್ಯಾವ” ಎಂದಳು. ಅಂದರೆ ಆ ಬದನೆಯ ವಂಶಕ್ಕೆ ಇದೊಂದೇ ಮಳೆಗಾಲ ಬಾಕಿ, ಅದೂ ರೋಗದ ನೆಲದಲ್ಲಿ.

ಆ ಮೊರದ ನೆನಪಿನಿಂದ ನಾನು ಪುಡಿಯ ಸಹವಾಸ ಬಿಟ್ಟು ತಿಳಿದವರನ್ನು ಕೇಳತೊಡಗಿದೆ. ಸಸ್ಯಸಂತೆಯೊಂದರಲ್ಲಿ ಸಿಕ್ಕ ಕೃಷಿ ಅಧ್ಯಾಪಕರು ಸಾವಕಾಶವಾಗಿ ವಿವರಿಸಿದರು. ಬೇವಿನ ಹಿಂಡಿ ಬೆರೆಸಿ, ಗೊಬ್ಬರದಲ್ಲಿ ಒಳ್ಳೆಯ ಜಾತಿಯ ಬೂಷ್ಟನ್ನು ಬೆಳೆಸಿ ಹಾಕಿದರೆ ಅದು ಕೆಟ್ಟ ಬೂಷ್ಟನ್ನು ಹತ್ತಿಕ್ಕುತ್ತದೆ, ಚೆಂಡುಹೂವಿನ ಬೇರೆಂದರೆ ಈ ಜಂತುಗಳಿಗೆ ಆಗದು. ಆದರೆ ಎಲ್ಲಕ್ಕೂ ಮೊದಲು, ಬೇಸಿಗೆಯಲ್ಲಿ ನೆಲ ಅಗೆದು, ನೀರುಣಿಸಿ, ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂತು ನಲವತ್ತು ದಿನ ಬಿಟ್ಟುಬಿಡಿ; ಒಳಗಿನ ಕಾವಿಗೆ ಹುಳು, ರೋಗ, ಕಳೆಯ ಬೀಜ ಎಲ್ಲ ಬೆಂದುಹೋಗುತ್ತವೆ ಎಂದರು. ಆ ನಲವತ್ತು ದಿನ ನಾವೇನು ಮಾಡಬೇಕು ಎಂದು ಕೇಳಿದೆ. ಏನೂ ಇಲ್ಲ ಎಂದರು. ನನಗೆ ಅದೇ ಭಯವಾಗಿತ್ತು.

ಶರಣಮ್ಮನಿಗೆ ಆಶ್ಚರ್ಯವೇನೂ ಆಗಲಿಲ್ಲ. “ನಮ್ಮ ಕಡಿ ಬ್ಯಾಸಿಗ್ಯಾಗ ನೆಲ ಹೊಡ್ದು ಬಿಸಲಿಗಿ ಬಿಡ್ತಾರ್ರಿ. ಹಾಳಿ ಹೊದಿಸೂದು ಒಂದು ಹೊಸದು” ಎಂದಳು. ಯುಗಾದಿ ಮುಗಿದ ವಾರ ಇಬ್ಬರೂ ಸೇರಿ ಅಗೆದೆವು, ತೋಯಿಸಿದೆವು, ಹೊದಿಸಿದೆವು. ಹತ್ತು ದಿನದ ಮೇಲೆ ಅವಳು ತಂಗಿಯ ಬಾಣಂತನಕ್ಕೆಂದು ಮೂರು ವಾರ ಊರಿಗೆ ಹೊರಟಳು. ಬಸ್ಸಿಗೆ ಹೋಗುವ ಮುನ್ನ ಬ್ಯಾಗು ಹೆಗಲಿಗೇರಿಸಿಕೊಂಡು, “ಬಿಸಲು ತನ್ನ ಕೆಲಸ ತಾ ಮಾಡ್ತದ. ನೀವೇನೂ ಮಾಡ್ಬ್ಯಾಡ್ರಿ ಅಕ್ಕೋರೆ, ಅಷ್ಟೇ ನಿಮ್ಮ ಕೆಲಸ” ಎಂದಳು. ನಾನು ಮಾತು ಕೊಟ್ಟೆ.

ಓದುಗರೇ, ಮಾಡಬಾರದ ಕೆಲಸವನ್ನು ಮಾಡದಿರುವುದು ಸುಲಭ. ಏನೂ ಮಾಡದಿರುವುದನ್ನೇ ಕೆಲಸವಾಗಿ ಮಾಡುವುದು ಎಂಥ ಘೋರ ತಪಸ್ಸೆಂದು ಆಗ ತಿಳಿಯಿತು. ದಿನಕ್ಕೆ ಹತ್ತು ಸಲ ಹಿತ್ತಲಿಗೆ ಹೋಗುತ್ತಿದ್ದೆ. ಹಾಳೆಯ ಒಳಮೈಯಲ್ಲಿ ನೀರಹನಿ ಕಟ್ಟಿರುತ್ತಿತ್ತು, ಅಷ್ಟೇ. ಏನಾದರೂ ಸಾಯುತ್ತಿದೆಯೋ ಇಲ್ಲವೋ ಹೇಳುವವರಿಲ್ಲ, ಒಂದು ಸದ್ದಿಲ್ಲ, ಒಂದು ವಾಸನೆಯಿಲ್ಲ. ಭೂಮಿಗೆ ಹಾಕುವ ವಿಷವನ್ನು ದುಷ್ಟರೇ ಕೊಳ್ಳುತ್ತಾರೆಂದು ನನಗೀಗ ಅನ್ನಿಸುವುದಿಲ್ಲ. ಬಹುಪಾಲು ನನ್ನಂಥ ತಳಮಳದವರೇ ಕೊಳ್ಳುತ್ತಿರಬೇಕು. ಪೊಟ್ಟಣದೊಳಗೆ ಪುಡಿಗಿಂತ ಹೆಚ್ಚಾಗಿ, ಏನೋ ಒಂದು ಮಾಡಿದೆವೆಂಬ ಸಮಾಧಾನ ತುಂಬಿರುತ್ತದೆ.

ಅವಳು ಹೋದ ಐದನೆಯ ದಿನ ಹಾಳೆಯನ್ನು ನೋಡುತ್ತ ನಿಂತಿದ್ದಾಗ ಹಳೆಯ ವ್ಯಾಧಿ ಕೆರಳಿತು. ನಾಲ್ಕು ಮಂಚದಷ್ಟು ನುಣುಪಾದ, ಶುಭ್ರವಾದ ಪ್ಲಾಸ್ಟಿಕ್ಕು, ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಎಡೆಬಿಡದ ಬಿಸಿಲು, ಸಂಡಿಗೆಯ ಕಾಲ! ನಮ್ಮ ತಾರಸಿಯ ಮೇಲೆ ಟ್ಯಾಂಕು, ಸೋಲಾರು ಕೂತು ಕಾಲಿಡಲು ಜಾಗವಿಲ್ಲ. ಹಾಳೆಯನ್ನು ಎತ್ತುವುದಿಲ್ಲ, ಸರಿಸುವುದಿಲ್ಲ, ಅದರ ಮೇಲೆ ಒಂದು ಬಿಳಿ ಪಂಚೆ ಹಾಸಿದರೆ ಮಾತು ಮುರಿದಂತೆ ಹೇಗಾದೀತು ಎಂದು ನನ್ನೊಳಗಿನ ವಕೀಲೆ ವಾದಿಸಿದಳು. ಮೂಲೆಯಲ್ಲಿ ಒಂದು ಪಂಚೆಯಷ್ಟು ಅಕ್ಕಿಸಂಡಿಗೆ ಇಟ್ಟೆ. ಒಂದೇ ದಿನಕ್ಕೆ ಗರಿಗರಿ. ಪಕ್ಕದ ಮನೆಯ ಶಹೀನ್ ಆಪಾ, ಶಿವಾಜಿನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವವರ ಮನೆಯವರು, ಗೋಡೆಯಾಚೆಯಿಂದ ಇಣುಕಿ, “ಅರೇ ಟೀಚರಮ್ಮ, ಇಷ್ಟು ದೊಡ್ಡ ಜಾಗ ಸುಮ್ನೆ ಬಿಟ್ಟಿದ್ದೀರಲ್ಲ! ನಮ್ದೂ ಸ್ವಲ್ಪ ಮಿರ್ಚಿ ಹಾಕ್ಲಾ?” ಎಂದರು. ಹಾಕಿ ಎಂದೆ. ಮೇಲಿನ ಮನೆಯ ತಮಿಳು ಅಜ್ಜಿ ತಮ್ಮ ಕಡೆಯ ಸಂಡಿಗೆ, ವಡಾಂ, ತಂದರು. ವಾರದೊಳಗೆ ಮುಕ್ಕಾಲು ಹಾಳೆ ಮುಚ್ಚಿಹೋಗಿ ನಮ್ಮ ಹಿತ್ತಲು ಮೂರು ಭಾಷೆಯಲ್ಲಿ ಘಮಘಮಿಸಿತು. ಕಾಗೆ ಓಡಿಸುವ ಕೋಲು ಹಿಡಿದು ಕೂತ ನನಗೆ ಕೊನೆಗೂ ಒಂದು ಕೆಲಸ ಸಿಕ್ಕಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ತುಂಬ ಸುಖವಾಗಿದ್ದೆ.

ಶರಣಮ್ಮ ಒಂದು ಮಧ್ಯಾಹ್ನ ಬಂದಳು. ಗೇಟಿನಲ್ಲೇ ನಿಂತು ನೋಡಿದಳು. ಬೈಯಲಿಲ್ಲ. ಬ್ಯಾಗು ಕೆಳಗಿಟ್ಟು, ಮೆಣಸಿನಕಾಯಿಯ ಬಟ್ಟೆಯೊಂದನ್ನು ಪಕ್ಕಕ್ಕೆ ಸರಿಸಿ, ಅಂಚಿನ ಮಣ್ಣು ಬಿಡಿಸಿ ಹಾಳೆಯ ಕೆಳಗೆ ಕೈ ತೂರಿಸಿದಳು. ಆಮೇಲೆ ನನ್ನ ಕೈಯನ್ನು ಹಿಡಿದು ಅಲ್ಲಿಟ್ಟಳು. ಮಂಚದ ಕೆಳಗಿನ ನೆಲದ ಹಾಗೆ ತಣ್ಣಗಿತ್ತು. ಏನೂ ಹಾಸದೆ ಉಳಿದಿದ್ದ, ಗೋಡೆಯ ಪಕ್ಕದ ಪಟ್ಟಿಯಲ್ಲಿ ಕೈಯಿಟ್ಟರೆ ರೊಟ್ಟಿಯ ಹೆಂಚಿನಂತೆ ಚುರುಕ್ಕೆಂದಿತು. ಮೇಲೆ ಸಂಡಿಗೆ ಒಣಗುತ್ತಿದ್ದಷ್ಟೂ ದಿನ ಕೆಳಗೆ ಜಂತುಗಳಿಗೆ ನಾನು ಚಪ್ಪರ ಹಾಕಿಕೊಟ್ಟಿದ್ದೆ. ಬಿಸಿಲು ಸುಮ್ಮನೆ ಬಿದ್ದಿದೆಯೆಂದು ತಿಳಿದಿದ್ದೆನಲ್ಲ, ಅದು ಮನೆಯಲ್ಲೆಲ್ಲರಿಗಿಂತ ಹೆಚ್ಚು ದುಡಿಯುತ್ತಿತ್ತು. ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದ ನಾನು ಅಂದು ಅವಳೆದುರು ತಲೆ ಎತ್ತಲಾರದೆ ನಿಂತೆ.

ಮತ್ತೆ ಮೊದಲಿನಿಂದ ಹೊದಿಸೋಣವೆಂದರೆ ಬೇಸಿಗೆ ಉಳಿದಿರಲಿಲ್ಲ. ಆ ವಾರವೇ ಹಲಸೂರಿನ ಕಡೆಯಿಂದ ಮೋಡ ಕಟ್ಟಿ ಆಲಿಕಲ್ಲಿನ ಮಳೆ ಸುರಿಯಿತು. ಶರಣಮ್ಮ ಕುಂಡದಲ್ಲಿ ಕಡೆಯ ಬೀಜಗಳನ್ನೆಲ್ಲ ಬಿತ್ತಿದಳು. ಎಂಟು ಸಸಿ ಎದ್ದವು. ಜೂನಿನಲ್ಲಿ ಎಂಟನ್ನೂ ಗೋಡೆಯ ಪಕ್ಕದ ಆ ಕಾದ ಪಟ್ಟಿಯಲ್ಲಿ ಒತ್ತೊತ್ತಾಗಿ ನೆಟ್ಟು, ಬೇವಿನ ಹಿಂಡಿ ಬೆರೆಸಿ, ನನ್ನ ಸಂಡಿಗೆಯ ಸಾಮ್ರಾಜ್ಯದ ತುಂಬ ಚೆಂಡುಹೂ ಹಾಕಿದಳು. ಎಂಟನೆಯ ಸಸಿಗೆ ಜಾಗ ಸಾಲದೆ ಅದು ಸಾಮ್ರಾಜ್ಯದ ಗಡಿಯ ಮೇಲೆಯೇ ಕೂತಿತು.

ಮೊನ್ನೆ ಮಳೆ ಬಿಡುವು ಕೊಟ್ಟು ಚುರುಕು ಬಿಸಿಲು ಬಿದ್ದ ದಿನ, ಮಧ್ಯಾಹ್ನ ಎರಡಕ್ಕೆ ಎಂಟು ಗಿಡಗಳೂ ಎಲೆ ಇಳಿಬಿಟ್ಟಿದ್ದವು. ಬಿಸಿಲಿಗೋ, ರೋಗಕ್ಕೋ? ಕಿತ್ತು ಬೇರು ನೋಡಿದರೆ ತಕ್ಷಣ ತಿಳಿಯುತ್ತದೆ, ಆದರೆ ಕಿತ್ತ ಗಿಡ ಉಳಿಯುವುದಿಲ್ಲ. ಮೆಟ್ಟಿಲ ಮೇಲೆ ಕೂತೆ. ಎದ್ದೆ. ಒಂದು ಗಿಡದ ಬುಡಕ್ಕೆ ಕೈ ಹಾಕಿದೆ, ತೆಗೆದೆ. ಮನೆಯವರು ಕಿಟಕಿಯಿಂದ, “ಒಳಗೆ ಬಾ, ಸಂಜೆ ತನಕ ಅದು ಉತ್ತರ ಹೇಳಲ್ಲ” ಎಂದರು. ಎರಡೂ ಕೈಗಳ ಮೇಲೆ ಕೂತುಕೊಂಡು ಆರು ಗಂಟೆಯವರೆಗೆ ಅಲ್ಲೇ ಇದ್ದೆ.

ಶರಣಮ್ಮ ಕೆಲಸದಿಂದ ಬಂದವಳು ಕೋಣೆಯ ಬೀಗ ತೆಗೆಯದೆ ನೇರ ಗಿಡಗಳ ಬಳಿ ಬಂದಳು. ಏಳು ಎದ್ದಿದ್ದವು. ಗಡಿಯಲ್ಲಿದ್ದದ್ದು ಎದ್ದಿರಲಿಲ್ಲ.

“ಕೀಳ್ರಿ ಅಕ್ಕೋರೆ” ಎಂದಳು.

ಮಧ್ಯಾಹ್ನವೆಲ್ಲ ಕೀಳಲು ತುರಿಸುತ್ತಿದ್ದ ಕೈ ಆಗ ಮೇಲೇಳಲಿಲ್ಲ. “ಇನ್ನೊಂದು ದಿನ ನೋಡೋಣ ಕಣೇ, ನಾಳೆ ಎದ್ದರೂ ಎದ್ದೀತು” ಎಂದೆ. ನನ್ನ ಬಾಯಲ್ಲಿ ಆ ಮಾತು ಕೇಳಿ ಮನೆಯವರು ಕಿಟಕಿಯಲ್ಲಿ ತಲೆ ಹೊರಹಾಕಿದರು.

ಶರಣಮ್ಮ ತಲೆಯಾಡಿಸಿದಳು. “ಇದಕ್ಕ ತಡಾ ಮಾಡಬಾರದ್ರಿ. ಬಿಟ್ರ ಬಾಜೂದಕ್ಕೂ ಹತ್ತತದ.”

ಕಿತ್ತೆ. ಬೇರಿನಲ್ಲಿ ಗಂಟುಗಳಿದ್ದವು. ಸುತ್ತಲಿನ ಮಣ್ಣನ್ನೂ ಬೊಗಸೆಯಿಂದ ತೆಗೆದು ಕವರಿಗೆ ತುಂಬಿ ಕಟ್ಟಿದ ಅವಳು, ನನ್ನ ಮುಖ ನೋಡಿ ಏನನ್ನಿಸಿತೋ, ಮಣ್ಣುಗೈಯಲ್ಲೇ ನನ್ನ ಮೊಣಕೈ ಹಿಡಿದಳು.

“ಏಳು ಅದಾವಲ್ರಿ. ಬೀಜಕ್ಕ ಒಂದು ಕಾಯಿ ಹಣ್ಣಾದ್ರ ಸಾಕು.”

ಅದಕ್ಕೆ ಎಷ್ಟು ದಿನ ಬೇಕು ಎಂದು ಕೇಳಲು ಬಾಯಿ ತೆರೆದೆ. ಕೇಳಲಿಲ್ಲ.